ಲೈಬ್ರರಿಯಲ್ಲಿ ಹುಡುಕಾಟದ ಆಟ: ಮಕ್ಕಳು ಓಡದೆ ಹುಡುಕುವಂತೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಏಳನೇ ತರಗತಿಯ ಕ್ಲಾಸ್ ಟೀಚರ್. ಶಾಲೆಯ ಲೈಬ್ರರಿಯ ಜವಾಬ್ದಾರಿಯೂ ನನ್ನದೇ. ಹೋದ ವರ್ಷ ಮಕ್ಕಳಿಗೆ ಲೈಬ್ರರಿಯೊಳಗೆ ಟ್ರೆಷರ್ ಹಂಟ್ ಆಡಿಸಿದೆ. ಪುಸ್ತಕಗಳ ನಡುವೆ ಚೀಟಿ ಬಚ್ಚಿಟ್ಟಿದ್ದೆ. ಹತ್ತೇ ನಿಮಿಷಕ್ಕೆ ಗದ್ದಲ, ನೂಕಾಟ, ಅರ್ಧ ಕಪಾಟು ನೆಲದ ಮೇಲೆ. ಮೊದಲು ಬಂದ ಗುಂಪು ಚೀಟಿಯನ್ನೇ ಜೇಬಿಗೆ ಹಾಕಿಕೊಂಡು ಹೋಯಿತು. ಹಿಂದೆ ಬಂದವರಿಗೆ ಏನೂ ಸಿಗಲಿಲ್ಲ. ಆದರೂ ಮಕ್ಕಳು ಮತ್ತೆ ಆಡಿಸಿ ಅಂತ ಕೇಳುತ್ತಿದ್ದಾರೆ. ನಲವತ್ತು ಮಕ್ಕಳು, ಸಿಗುವುದು ಒಂದೇ ಪೀರಿಯಡ್. ಈ ಸಲ ಹೇಗೆ ಮಾಡಲಿ? ಅವರು ಏನಾದರೂ ಕಲಿತರಾ ಅಂತ ತಿಳಿಯುವುದು ಹೇಗೆ?

ಉತ್ತರ: ಮೇಡಂ, ಗದ್ದಲಕ್ಕೆ ಕಾರಣ ಆ ಚೀಟಿಗಳು. ಪುಸ್ತಕದೊಳಗೆ ಚೀಟಿ ಇಟ್ಟ ಕೂಡಲೇ ಮಕ್ಕಳಿಗೆ ಪುಸ್ತಕ ಬೇಡವಾಗುತ್ತದೆ, ಚೀಟಿ ಬೇಕಾಗುತ್ತದೆ. ಪುಸ್ತಕವನ್ನು ತಲೆಕೆಳಗೆ ಹಿಡಿದು ಕೊಡವಿದರೆ ಚೀಟಿ ಬೇಗ ಉದುರುತ್ತದೆ, ಕೂತು ಹುಡುಕಿದರೆ ತಡವಾಗುತ್ತದೆ. ಗೆಲ್ಲುವ ದಾರಿ ಅದೇ ಆದಮೇಲೆ ಜಾಣ ಮಕ್ಕಳು ಕೊಡವದೆ ಇರುತ್ತಾರಾ?

ಹಾಗಾಗಿ ಈ ಸಲ ಏನನ್ನೂ ಬಚ್ಚಿಡಬೇಡಿ. ಉತ್ತರ ಪುಸ್ತಕದಲ್ಲೇ ಅಚ್ಚಾಗಿರಲಿ. ಮಕ್ಕಳು ಅದನ್ನು ನೋಡಿ ಬರೆದುಕೊಂಡು ಬರಲಿ, ಪುಸ್ತಕ ಅಲ್ಲೇ ಉಳಿಯಲಿ. ಆಗ ಎಂಟನೆಯದಾಗಿ ಬಂದ ಗುಂಪಿಗೂ ಮೊದಲ ಗುಂಪಿಗೆ ಸಿಕ್ಕಿದ್ದೇ ಸಿಗುತ್ತದೆ.

ಸುಳಿವು ಬರೆಯುವಾಗ ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಇಡಿ: ಲೈಬ್ರರಿಯ ಜೋಡಣೆ ತಿಳಿದ ನಿಧಾನದ ಮಗು, ಜೋಡಣೆ ತಿಳಿಯದೆ ಓಡುವ ಮಗುವಿಗಿಂತ ಬೇಗ ಉತ್ತರ ಹಿಡಿಯುತ್ತದಾ? ಹೌದು ಎಂದಾದರೆ ಸುಳಿವು ಇರಲಿ. ಇಲ್ಲ ಎಂದಾದರೆ ಎಷ್ಟೇ ಚೆಂದ ಇದ್ದರೂ ಕೈಬಿಡಿ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಮುಂದಿಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಬೇಕು ಎನ್ನುವುದು. ಕಪಾಟಿನ ಜೋಡಣೆ ಇರುವುದೇ ಅದಕ್ಕೆ. ಅದು ನಿಜವಾಗಿಯೂ ಸಮಯ ಉಳಿಸುತ್ತದೆ ಎಂದು ಮಕ್ಕಳಿಗೆ ಆಟದಲ್ಲೇ ಅನುಭವಕ್ಕೆ ಬರಬೇಕು.

ಒಂದು ಪೀರಿಯಡ್‌ನಲ್ಲಿ ಎಲ್ಲವನ್ನೂ ಕಲಿಸಲು ಹೋಗಬೇಡಿ. ಏಳನೇ ತರಗತಿಗೆ ಮೂರು ವಿಷಯ ಧಾರಾಳ ಸಾಕು. ಪುಸ್ತಕದ ಬೆನ್ನಿನ ಮೇಲಿರುವ ನಂಬರ್ ಓದುವುದು. ಪರಿವಿಡಿಗೂ ಕೊನೆಯಲ್ಲಿ ಬರುವ ಪದಸೂಚಿಗೂ ಇರುವ ವ್ಯತ್ಯಾಸ ತಿಳಿಯುವುದು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಪ್ರಕಾಶಕರು, ಮುದ್ರಣದ ವರ್ಷ ಇರುತ್ತದೆ ಎಂದು ಗೊತ್ತಾಗುವುದು.

ನಂಬರ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ಮಜಾ ಇರುವುದು ಅಲ್ಲೇ. ನಿಮ್ಮ ಲೈಬ್ರರಿಯಲ್ಲಿ ಡ್ಯೂಯಿ ದಶಮಾಂಶ ವರ್ಗೀಕರಣ ಇದೆ ಎಂದುಕೊಳ್ಳುತ್ತೇನೆ. 1876ರಲ್ಲಿ ಮೊದಲು ಅಚ್ಚಾದ ಈ ಪದ್ಧತಿ ಎಲ್ಲ ವಿಷಯಗಳನ್ನೂ ಹತ್ತು ಭಾಗ ಮಾಡುತ್ತದೆ. 500ರಲ್ಲಿ ವಿಜ್ಞಾನ, 600ರಲ್ಲಿ ತಂತ್ರಜ್ಞಾನ, 700ರಲ್ಲಿ ಕಲೆ ಮತ್ತು ಆಟೋಟ, 900ರಲ್ಲಿ ಇತಿಹಾಸ, ಭೂಗೋಳ. ಇದನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಸಂಜೆಯೊಳಗೆ ಮರೆಯುತ್ತಾರೆ. ಅದರ ಬದಲು ಈ ಸುಳಿವು ಕೊಟ್ಟು ನೋಡಿ:

"ಹುಲಿಯೂ ಬೆಕ್ಕೂ ಒಂದೇ ಕುಟುಂಬ. ಆದರೂ ಅವುಗಳ ಪುಸ್ತಕಗಳು ಒಂದೇ ಕಡೆ ಇಲ್ಲ. ಎರಡೂ ಪುಸ್ತಕ ಹುಡುಕಿ, ನಂಬರ್ ಬರೆಯಿರಿ. ಬೆಕ್ಕಿನ ಅಕ್ಕಪಕ್ಕ ಇನ್ನೂ ಯಾವ ಪ್ರಾಣಿಗಳಿವೆ ನೋಡಿ. ಬೆಕ್ಕು ಯಾಕೆ ದೂರ ಹೋಯಿತು?"

ಹುಲಿ 599ರಲ್ಲಿ ಸಸ್ತನಿಗಳ ಜೊತೆ ಇರುತ್ತದೆ. ಸಾಕುವ ಬೆಕ್ಕು 636.8ರಲ್ಲಿ. ಅದರ ಸುತ್ತ ಹಸು, ಕುದುರೆ, ನಾಯಿ. ಮಕ್ಕಳು ಮೊದಲು ಇದು ತಪ್ಪು ಜಾಗ ಅನ್ನುತ್ತಾರೆ. ಅನ್ನಲಿ, ನೀವು ಸುಮ್ನೆ ಇರಿ. ಸ್ವಲ್ಪ ಹೊತ್ತಿಗೆ ಯಾರಾದರೂ ಒಬ್ಬರು "ಇವೆಲ್ಲ ಮನುಷ್ಯ ಸಾಕುವ ಪ್ರಾಣಿಗಳು" ಎಂದು ಹೇಳೇ ಹೇಳುತ್ತಾರೆ. ಪ್ರಕೃತಿಯಲ್ಲಿ ಏನಿದೆ ಎಂದು ತಿಳಿಯುವುದು 500, ಅದನ್ನು ನಾವು ಹೇಗೆ ಸಾಕುತ್ತೇವೆ, ಬಳಸುತ್ತೇವೆ ಎನ್ನುವುದು 600. ಹಕ್ಕಿ 598ರಲ್ಲಿದ್ದರೆ ಕೋಳಿ ಸಾಕಣೆ 636.5ರಲ್ಲಿ ಇರುವುದಕ್ಕೂ ಇದೇ ಕಾರಣ. ಇದನ್ನು ತಾವಾಗಿ ಕಂಡುಕೊಂಡ ಮಕ್ಕಳಿಗೆ ಆಮೇಲೆ ಪಟ್ಟಿ ಬೇಕಾಗುವುದಿಲ್ಲ. ಜನಪದ ಕಥೆಗಳು 800ರ ಸಾಹಿತ್ಯ ಬಿಟ್ಟು 398.2ರಲ್ಲಿ, ಅಂದರೆ ಸಮಾಜ ವಿಜ್ಞಾನದ ಕಡೆ, ಯಾಕೆ ಕೂತಿವೆ ಎಂದು ಕೇಳಿದರೆ ಇನ್ನೂ ಒಳ್ಳೆಯ ಜಗಳ ಶುರುವಾಗುತ್ತದೆ. ಅದನ್ನು ಈ ಸಲಕ್ಕೆ ಬೇಡ, ಮುಂದಕ್ಕೆ ಇಟ್ಟುಕೊಳ್ಳಿ.

ಎರಡನೆಯ ಸುಳಿವು ದಶಮಾಂಶದ್ದು. ದೊಡ್ಡವರೂ ಇಲ್ಲಿ ಎಡವುತ್ತಾರೆ. ಚಂದ್ರನ ಪುಸ್ತಕ 523.3, ಮಂಗಳ ಗ್ರಹದ್ದು 523.43, ಸೂರ್ಯನದು 523.7. ಮೂರನ್ನೂ ಮೇಜಿನ ಮೇಲೆ ಇಟ್ಟು ಸರಿಯಾಗಿ ಜೋಡಿಸಿ ಎಂದರೆ ಎಷ್ಟೋ ಮಕ್ಕಳು ಮಂಗಳವನ್ನು ಕೊನೆಗೆ ತಳ್ಳುತ್ತಾರೆ. ನಲವತ್ತಮೂರು ಏಳಕ್ಕಿಂತ ದೊಡ್ಡದು ಅಲ್ವಾ, ಅದಕ್ಕೆ. ಚುಕ್ಕಿಯ ನಂತರ ಒಂದೊಂದೇ ಅಂಕಿ ಹೋಲಿಸಬೇಕು, 4 ಎನ್ನುವುದು 7ಕ್ಕಿಂತ ಮೊದಲು ಬರುತ್ತದೆ ಎಂದು ಗಣಿತದ ಕ್ಲಾಸಿನಲ್ಲಿ ಹೇಳಿದ್ದು ಇಲ್ಲಿ ಕೈಗೆ ಸಿಗುತ್ತದೆ. ಸುಳಿವು ಹೀಗಿರಬಹುದು: "ಚಂದ್ರನಿಗೂ ಸೂರ್ಯನಿಗೂ ನಡುವೆ ಕೂತ ಗ್ರಹ ಯಾವುದು? ಆಕಾಶದಲ್ಲಿ ಅಲ್ಲ, ಕಪಾಟಿನಲ್ಲಿ." ನಂಬರ್‌ಗಳು ನಿಮ್ಮ ಪುಸ್ತಕಗಳ ಬೆನ್ನಿನ ಮೇಲೆ ಹೇಗಿವೆಯೋ ಹಾಗೇ ತೆಗೆದುಕೊಳ್ಳಿ. ಚಿಕ್ಕ ಲೈಬ್ರರಿಗಳಲ್ಲಿ ಚುಕ್ಕಿಯ ನಂತರದ ಅಂಕಿಗಳನ್ನು ಮೊಟಕು ಮಾಡಿರುವುದು ಮಾಮೂಲು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಸುಳಿವು. ಸೌರಮಂಡಲದ ಬಗ್ಗೆ ಎರಡು ಪುಸ್ತಕ ಆರಿಸಿ, ಒಂದು ಹಳೆಯದು, ಒಂದು ಹೊಸದು. ಗ್ರಹಗಳು ಎಷ್ಟು ಎಂದು ಎರಡರಲ್ಲೂ ಹುಡುಕಿ ಬರೆಯಲು ಹೇಳಿ. ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಎಂಟು. ಯಾವುದು ಸರಿ? ಆಗ ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ ವರ್ಷ ನೋಡಲೇಬೇಕು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2006ರಲ್ಲಿ ಪ್ಲೂಟೋವನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿತು. ಅದಕ್ಕೂ ಮೊದಲು ಬಂದ ಪುಸ್ತಕ ಒಂಬತ್ತು ಎಂದರೆ ಅದು ಬರೆದವರ ತಪ್ಪಲ್ಲ. ಪುಸ್ತಕದಲ್ಲಿ ಅಚ್ಚಾಗಿದೆ, ಆದರೂ ಈಗ ಸರಿಯಲ್ಲ ಎನ್ನುವುದು ಹನ್ನೆರಡು ವರ್ಷದ ಮಗುವಿಗೆ ದೊಡ್ಡ ಸುದ್ದಿ. ಮುದ್ರಣದ ವರ್ಷ ಯಾಕೆ ನೋಡಬೇಕು ಎಂದು ಅರ್ಧ ಗಂಟೆ ಹೇಳುವುದಕ್ಕಿಂತ ಈ ಒಂದು ಸುಳಿವು ಜಾಸ್ತಿ ಕೆಲಸ ಮಾಡುತ್ತದೆ. ಒಂದು ಎಚ್ಚರ: ಹಳೆಯ ಪುಸ್ತಕವನ್ನೇ ತಿದ್ದದೆ ಆಮೇಲೆ ಮರುಮುದ್ರಣ ಮಾಡಿರಬಹುದು. ಅಂಥದ್ದರಲ್ಲಿ ಮೊದಲ ಮುದ್ರಣದ ವರ್ಷವನ್ನೂ ಬರೆಸಿ. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ಮುಂಚೆ ಇಂಥ ಒಂದೆರಡನ್ನು ಇದಕ್ಕಾಗಿಯೇ ಎತ್ತಿಡಿ.

ಇನ್ನು ಪದಸೂಚಿ. "ಸೂರ್ಯನಿಗೆ ಹತ್ತಿರದ ಗ್ರಹ ಯಾವುದು" ಎಂಬ ಪ್ರಶ್ನೆ ಇಲ್ಲಿ ಪ್ರಯೋಜನ ಇಲ್ಲ. ಗೊತ್ತಿದ್ದವರು ಪುಸ್ತಕ ಮುಟ್ಟದೆ ಬುಧ ಎಂದು ಬರೆದು ಮುಂದೆ ಹೋಗುತ್ತಾರೆ. "ಈ ವಿಶ್ವಕೋಶದ ಪದಸೂಚಿಯಲ್ಲಿ ಬುಧ ಎಂಬ ಪದಕ್ಕೆ ಯಾವ ಪುಟಗಳನ್ನು ಕೊಟ್ಟಿದ್ದಾರೆ? ಅವುಗಳಲ್ಲಿ ಚಿತ್ರ ಇರುವ ಪುಟ ಯಾವುದು?" ಎಂದು ಕೇಳಿ. ಇದನ್ನು ಊಹಿಸಲು ಆಗುವುದಿಲ್ಲ, ಮೊಬೈಲ್‌ನಲ್ಲೂ ಸಿಗುವುದಿಲ್ಲ. ಅಟ್ಲಾಸ್‌ಗೂ ಇದೇ ದಾರಿ. ಹಿಂದಿನ ಸೂಚಿಯಲ್ಲಿ ಒಂದು ಊರಿನ ಹೆಸರು ಹಿಡಿದು, ಪುಟ ಮತ್ತು ಚೌಕದ ಗುರುತು ನೋಡಿ, ಆ ಊರಿಗೆ ಹತ್ತಿರದ ನದಿಯ ಹೆಸರು ಬರೆಯಲಿ.

ನಿಘಂಟನ್ನು ಮರೆಯಬೇಡಿ. "ಕ್ಷಮೆ, ಜ್ಞಾನ ಎರಡೂ ಪದ ಯಾವ ಅಕ್ಷರದ ಕೆಳಗಿವೆ? ಜ್ಞಾನದ ಮೇಲಿನ ಪದ ಯಾವುದು?" ವರ್ಣಮಾಲೆಯ ಚಾರ್ಟುಗಳಲ್ಲಿ ಕ್ಷ, ಜ್ಞ ಕೊನೆಗೆ ಇರುತ್ತವೆ. ಹಾಗಾಗಿ ಮಕ್ಕಳು ನಿಘಂಟಿನ ಕೊನೆಯ ಪುಟಗಳಿಗೆ ಹೋಗುತ್ತಾರೆ, ಏನೂ ಸಿಗದೆ ತಲೆ ಕೆರೆಯುತ್ತಾರೆ. ಕೊನೆಗೆ ಕ್ಷ ಅಂದರೆ ಕಕಾರಕ್ಕೆ ಷಕಾರದ ಒತ್ತು, ಹಾಗಾಗಿ ಕ ವಿಭಾಗದಲ್ಲಿರಬೇಕು ಎಂದು ಹೊಳೆಯುತ್ತದೆ. ನಿಮ್ಮಲ್ಲಿರುವ ನಿಘಂಟನ್ನು ಒಮ್ಮೆ ತೆರೆದು ನೋಡಿಕೊಂಡೇ ಸುಳಿವು ಬರೆಯಿರಿ.

ಪ್ರಾಸ ಕಟ್ಟಿದ ಸುಳಿವುಗಳ ಬಗ್ಗೆ ಒಂದು ಮಾತು. ಕಟ್ಟುವವರಿಗೆ ತುಂಬ ಖುಷಿ. ಆಡುವ ಮಕ್ಕಳು ಮಾತ್ರ ಪುಸ್ತಕ ಬಿಟ್ಟು ಟೀಚರ್ ಮನಸ್ಸಿನಲ್ಲಿ ಏನಿದೆ ಎಂದು ಹುಡುಕಲು ಶುರು ಮಾಡುತ್ತಾರೆ. ಕನ್ನಡ ಅಷ್ಟಾಗಿ ಓದಲು ಬಾರದ ಮಗು ಮೊದಲ ಸಾಲಿನಲ್ಲೇ ಸೋಲುತ್ತದೆ. ಬೇಕೇ ಬೇಕು ಎಂದರೆ ಒಂದು ಒಗಟು ಇಡಿ, ಉಳಿದವು ನೇರ ಮಾತಿನಲ್ಲಿರಲಿ. ಕ್ಯೂಆರ್ ಕೋಡ್ ಅಂಟಿಸುವುದೂ ಅಷ್ಟೇ. ಮಗುವಿನ ಕಣ್ಣು ಕಪಾಟಿನಿಂದ ಪರದೆಗೆ ಹೋಗುತ್ತದೆ, ನಮಗೆ ಬೇಕಾದ್ದು ಅದಕ್ಕೆ ತಿರುಗಾ ಮುರುಗಾ.

ಈಗ ನಲವತ್ತು ಮಕ್ಕಳ ಲೆಕ್ಕ. ಐದೈದು ಮಕ್ಕಳ ಎಂಟು ಗುಂಪು ಮಾಡಿ. ಎಂಟು ಸುಳಿವು ಬರೆಯಿರಿ, ಎಂಟೂ ಬೇರೆ ಬೇರೆ ಕಪಾಟಿನವು. ಕಪಾಟುಗಳು ಗೋಡೆಯ ಸುತ್ತ ಹೇಗಿವೆಯೋ ಅದೇ ಸಾಲಿನಲ್ಲಿ ಸುಳಿವಿಗೆ 1ರಿಂದ 8 ನಂಬರ್ ಕೊಡಿ. ಮೊದಲ ಗುಂಪು 1ರಿಂದ, ಎರಡನೆಯದು 2ರಿಂದ, ಎಂಟನೆಯದು 8ರಿಂದ ಶುರು ಮಾಡಲಿ. 8 ಮುಗಿದ ಮೇಲೆ 1ಕ್ಕೆ ಬರಬೇಕು. ನಾಲ್ಕು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ. ಗಂಟೆ ಆದಾಗ ಎಲ್ಲರೂ ಒಂದೇ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಕ್ಕೆ. ಒಂದು ಕಪಾಟಿನ ಮುಂದೆ ಎರಡು ಗುಂಪು ಸೇರುವುದೇ ಇಲ್ಲ, ಬೇಗ ಓಡಿ ಹೋದರೆ ಲಾಭವೂ ಇಲ್ಲ. ಬೇಗ ಮುಗಿಸಿದವರಿಗೆ ಅದೇ ಕಪಾಟಿನ ಒಂದು ಕಿರು ಪ್ರಶ್ನೆ ಹಾಳೆಯ ಕೆಳಗೆ ಇರಲಿ.

ನಲವತ್ತು ನಿಮಿಷದ ಪೀರಿಯಡ್ ಎಂದರೆ ಆರು ಸುತ್ತು, ಅಂದರೆ ಇಪ್ಪತ್ತನಾಲ್ಕು ನಿಮಿಷ. ಎಂಟರಲ್ಲಿ ಎರಡು ಉಳಿದುಹೋಗುತ್ತವೆ, ಪರವಾಗಿಲ್ಲ. ಶುರುವಿಗೆ ಐದು ನಿಮಿಷ ನಿಯಮ ಹೇಳಲು, ಕೊನೆಗೆ ಹತ್ತು ನಿಮಿಷ ಉತ್ತರಗಳ ಬಗ್ಗೆ ಮಾತಾಡಲು ಬೇಕು. ಈ ಕೊನೆಯ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಬೆಕ್ಕು ಯಾಕೆ ದೂರ ಹೋಯಿತು ಎನ್ನುವ ವಾದ ನಡೆಯಬೇಕಾದ್ದು ಆಗಲೇ.

ಪುಸ್ತಕ ಚೆಲ್ಲಾಪಿಲ್ಲಿ ಆಗದಿರಲು ಒಂದು ಸುಲಭ ಉಪಾಯ ಇದೆ. ರಟ್ಟಿನಿಂದ ಅಗಲವಾದ, ಪುಸ್ತಕಕ್ಕಿಂತ ಸ್ವಲ್ಪ ಉದ್ದದ ಪಟ್ಟಿ ಕತ್ತರಿಸಿ, ಗುಂಪಿನ ನಂಬರ್ ಬರೆದು ಪ್ರತಿ ಗುಂಪಿಗೆ ಒಂದೇ ಒಂದು ಕೊಡಿ. ಪುಸ್ತಕ ತೆಗೆಯುವ ಮುಂಚೆ ಆ ಜಾಗದಲ್ಲಿ ಪಟ್ಟಿ ತೂರಿಸಬೇಕು. ಪುಸ್ತಕ ವಾಪಸ್ ಇಟ್ಟ ಮೇಲೆ ಪಟ್ಟಿ ತೆಗೆಯಬೇಕು. ಪಟ್ಟಿ ಒಂದೇ ಆದ್ದರಿಂದ ಒಂದು ಹೊತ್ತಿಗೆ ಒಂದೇ ಪುಸ್ತಕ ಹೊರಗಿರುತ್ತದೆ. ಹುಲಿ ಬೆಕ್ಕಿನಂಥ ಎರಡು ಪುಸ್ತಕದ ಸುಳಿವಿನಲ್ಲೂ ಒಂದನ್ನು ಇಟ್ಟ ಮೇಲೇ ಇನ್ನೊಂದು. ಕೊನೆಗೆ ಕಪಾಟಿನಲ್ಲಿ ಪಟ್ಟಿ ಉಳಿದಿದ್ದರೆ ಯಾವ ಗುಂಪಿನದು ಎಂದು ದೂರದಿಂದಲೇ ಕಾಣುತ್ತದೆ. ಲೈಬ್ರರಿಯಲ್ಲಿ ತಪ್ಪು ಜಾಗಕ್ಕೆ ಹೋದ ಪುಸ್ತಕವೂ ಕಳೆದುಹೋದ ಪುಸ್ತಕವೂ ಒಂದೇ, ಬೇಕಾದಾಗ ಎರಡೂ ಸಿಗುವುದಿಲ್ಲ. ಇದನ್ನು ಮಕ್ಕಳಿಗೂ ಹೇಳಿ.

ಪುಸ್ತಕ ತೆಗೆಯುವ ರೀತಿಯನ್ನೂ ಅರ್ಧ ನಿಮಿಷ ತೋರಿಸಿ. ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆದರೆ ಬೈಂಡಿಂಗ್ ಕಿತ್ತು ಬರುತ್ತದೆ. ಎರಡೂ ಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ನಡುವಿನದನ್ನು ಮಧ್ಯದಲ್ಲಿ ಹಿಡಿದು ತೆಗೆಯಬೇಕು.

ಗುಂಪಿನ ಐವರಿಗೂ ಕೆಲಸ ಇರಲಿ. ಒಬ್ಬರು ಸುಳಿವು ಓದುವುದು, ಒಬ್ಬರು ನಂಬರ್ ಹುಡುಕುವುದು, ಒಬ್ಬರು ಪುಸ್ತಕ ತೆಗೆಯುವುದು, ಒಬ್ಬರು ಬರೆಯುವುದು, ಒಬ್ಬರ ಕೈಯಲ್ಲಿ ಪಟ್ಟಿ. ಗಂಟೆ ಆದಾಗಲೆಲ್ಲ ಕೆಲಸ ಬದಲಾಗಲಿ. ಇಲ್ಲದಿದ್ದರೆ ಚುರುಕಾದ ಒಂದೇ ಮಗು ಎಲ್ಲ ಮಾಡಿ, ಉಳಿದ ನಾಲ್ವರು ಕಿಟಕಿ ನೋಡುತ್ತಾರೆ. ಕಪಾಟಿನ ಮೇಲಿನ ಹಲಗೆಗಳ ಪುಸ್ತಕಗಳನ್ನು ಆಟಕ್ಕೆ ಆರಿಸಬೇಡಿ. ಕುಳ್ಳಗಿರುವ ಮಗು, ಗಾಲಿಕುರ್ಚಿಯಲ್ಲಿರುವ ಮಗು ಯಾರ ನೆರವೂ ಇಲ್ಲದೆ ತೆಗೆಯುವಂತಿರಲಿ.

ಅಂಕದ ವಿಷಯ. ವೇಗಕ್ಕೆ ಒಂದು ಅಂಕವೂ ಬೇಡ. ಸರಿ ಉತ್ತರಕ್ಕೆ ಎರಡು, ಪುಸ್ತಕ ಸರಿಯಾದ ಜಾಗಕ್ಕೆ ವಾಪಸ್ ಹೋಗಿದ್ದರೆ ಇನ್ನೊಂದು. ಬಹುಮಾನವಾಗಿ ಚಾಕಲೇಟಿಗಿಂತ, ಹೊಸದಾಗಿ ಬಂದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಮನೆಗೆ ಒಯ್ಯುವ ಅವಕಾಶ ಕೊಡಿ. ಮಕ್ಕಳು ಇದಕ್ಕೆ ಚಾಕಲೇಟಿಗಿಂತ ಜಾಸ್ತಿ ಹೊಡೆದಾಡುತ್ತಾರೆ, ನನ್ನ ಮಾತು ನಂಬಿ.

ನಿಮ್ಮ ಲೈಬ್ರರಿಯಲ್ಲಿ ನಂಬರೇ ಹಾಕಿಲ್ಲ, ಇರುವುದು ಎರಡು ಬೀರು ಎಂದಾದರೆ? ಆಗಲೂ ಆಡಬಹುದು, ಆಟ ಬೇರೆ. ಪ್ರತಿ ಗುಂಪಿಗೆ ಹದಿನೈದು ಪುಸ್ತಕ ಕೊಟ್ಟು, ನಿಮಗೆ ಸರಿ ಕಂಡ ಹಾಗೆ ಜೋಡಿಸಿ, ಪ್ರತಿ ಭಾಗಕ್ಕೂ ಹೆಸರು ಬರೆಯಿರಿ ಎಂದು ಹೇಳಿ. ಆಮೇಲೆ ಗುಂಪುಗಳು ಜಾಗ ಬದಲಾಯಿಸಲಿ. ಬೇರೆಯವರು ಜೋಡಿಸಿದ ಪುಸ್ತಕಗಳಲ್ಲಿ ಒಂದನ್ನು ಹೆಸರು ಫಲಕಗಳನ್ನಷ್ಟೇ ನೋಡಿ ಹುಡುಕಬೇಕು. ಬಣ್ಣದ ಪ್ರಕಾರ, ಗಾತ್ರದ ಪ್ರಕಾರ ಜೋಡಿಸಿದ ಗುಂಪಿಗೆ ತಮ್ಮ ಜೋಡಣೆ ಬೇರೆಯವರಿಗೆ ಯಾಕೆ ಅರ್ಥವಾಗಲಿಲ್ಲ ಎಂದು ತಾನಾಗೇ ತಿಳಿಯುತ್ತದೆ. ನಿಜ ಹೇಳಬೇಕೆಂದರೆ ನಂಬರ್ ಇರುವ ಲೈಬ್ರರಿಯಲ್ಲೂ ಇದನ್ನು ಒಮ್ಮೆ ಮಾಡಿಸಬೇಕು.

ಮೂರು, ನಾಲ್ಕನೇ ತರಗತಿಯವರಿಗೆ ನಂಬರ್ ಬೇಡ. ಮುಖಪುಟ, ಲೇಖಕರ ಹೆಸರು, ಚಿತ್ರ ಬರೆದವರ ಹೆಸರು, ಇಷ್ಟು ಹುಡುಕಿದರೆ ಸಾಕು. ಒಂಬತ್ತನೆಯವರಿಗೆ ಐಎಸ್‌ಬಿಎನ್, ಅಂದರೆ ಪುಸ್ತಕದ ಮೇಲೆ ಅಚ್ಚಾಗಿರುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಕೊಡಿ. 2007ರಿಂದ ಅದು ಹದಿಮೂರು ಅಂಕಿಯದು. ಕೊನೆಯ ಅಂಕಿಯ ಮೇಲೆ ಸುಲಭವಾಗಿ ಬಿಡಿಸಬಹುದಾದ ಚೀಟಿ ಅಂಟಿಸಿ, ಅಡಿಯಲ್ಲಿ ಏನಿದೆ ಲೆಕ್ಕ ಹಾಕಿ ಎನ್ನಿ. ಮೊದಲ ಹನ್ನೆರಡು ಅಂಕಿಗಳನ್ನು ಸರದಿಯಂತೆ 1, 3, 1, 3ರಿಂದ ಗುಣಿಸಿ ಕೂಡಬೇಕು. ಆ ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ತಲುಪಿಸುವ ಅಂಕಿಯೇ ಉತ್ತರ. 978030640615 ಎಂದಿದ್ದರೆ ಮೊತ್ತ 93, ಹಾಗಾಗಿ ಕೊನೆಯ ಅಂಕಿ 7. ಮೊತ್ತವೇ ಹತ್ತರ ಗುಣಕವಾಗಿದ್ದರೆ ಉತ್ತರ 0. ಬಾರ್‌ಕೋಡ್ ಕೂಡ ಅಚ್ಚಾಗಿದ್ದರೆ ಅದರ ಕೆಳಗಿನ ಅಂಕಿಯನ್ನೂ ಮುಚ್ಚಲು ಮರೆಯಬೇಡಿ, ಮಕ್ಕಳು ಮೊದಲು ನೋಡುವುದೇ ಅಲ್ಲಿ.

ಹಿಂದಿನ ದಿನ ಮಾಡಲೇಬೇಕಾದ ಕೆಲಸ ಎರಡು. ಆಟದ ಪುಸ್ತಕಗಳು ಯಾರಾದರೂ ಎರವಲು ಒಯ್ದಿಲ್ಲ, ಕಪಾಟಿನಲ್ಲೇ ಇವೆ ಎಂದು ಒಂದೊಂದನ್ನೂ ಕಣ್ಣಾರೆ ನೋಡಿ, ಆಟ ಮುಗಿಯುವವರೆಗೆ ಯಾರಿಗೂ ಕೊಡಬೇಡಿ. ಎರಡನೆಯದು, ಸುಳಿವುಗಳನ್ನು ನೋಡಿರದ ಒಬ್ಬರ ಕೈಗೆ ಹಾಳೆ ಕೊಟ್ಟು ನೀವು ಬಾಯಿ ಮುಚ್ಚಿ ನಿಲ್ಲಿ. ಎಂಟನೇ ತರಗತಿಯ ಯಾವುದಾದರೂ ಮಗು ಆದರೆ ಒಳ್ಳೆಯದು. ಅವರು ನಾಲ್ಕು ನಿಮಿಷದಲ್ಲಿ ಮುಗಿಸದ ಸುಳಿವನ್ನು ಸುಲಭ ಮಾಡಿ.

ಕಲಿತರಾ ಎಂದು ತಿಳಿಯಲು ಆಟದ ದಿನದ ಅಂಕ ನೋಡಬೇಡಿ. ಅದು ಗುಂಪಿನ ಅಂಕ, ಅದರಲ್ಲಿ ಒಂದು ಮಗುವಿಗೆ ಏನು ಬಂತು ಎಂದು ಗೊತ್ತಾಗುವುದಿಲ್ಲ. ಎರಡು ವಾರ ಬಿಟ್ಟು, ಮಾಮೂಲಿ ಲೈಬ್ರರಿ ಪೀರಿಯಡ್‌ನಲ್ಲಿ, ಪ್ರತಿ ಮಗುವಿಗೂ ಒಂದು ವಿಷಯ ಬರೆದ ಚೀಟಿ ಕೊಡಿ: ಜ್ವಾಲಾಮುಖಿ, ವಿಮಾನ, ನಾಯಿ ಸಾಕುವುದು, ಹೀಗೆ. ಒಂದು ಸಲಕ್ಕೆ ನಾಲ್ಕೈದು ಮಕ್ಕಳು ಏಳಲಿ. ಯಾರನ್ನೂ ಕೇಳದೆ ಸರಿಯಾದ ಕಪಾಟಿನ ಮುಂದೆ ಹೋಗಿ ನಿಂತರೆ ಸಾಕು, ಪುಸ್ತಕ ತೆಗೆಯುವುದೂ ಬೇಡ. ನಾಯಿ ಸಾಕುವ ಚೀಟಿ ಸಿಕ್ಕ ಮಗು 500ರ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿ 600ಕ್ಕೆ ಹೋದರೆ ನೀವು ಆಡಿಸಿದ್ದು ದಂಡವಾಗಿಲ್ಲ.

ಆಟದ ಹಾಳೆಗಳನ್ನು ಮಾತ್ರ ಎಸೆಯಬೇಡಿ. ಎಂಟು ಗುಂಪೂ ಸೇರಿ ಯಾವ ಸುಳಿವಿನಲ್ಲಿ ಜಾಸ್ತಿ ತಪ್ಪಿದ್ದಾರೆ ಎಂದು ಎಣಿಸಿ. ಹೆಚ್ಚಿನವರು ಒಂದೇ ಕಡೆ ಸೋತಿದ್ದರೆ ಆ ಕಪಾಟಿನ ಮುಂದೆ ನೀವೇ ಹೋಗಿ ನಿಂತು ನೋಡಿ. ಬೆನ್ನಿನ ಚೀಟಿ ಮಾಸಿರುತ್ತದೆ, ಇಲ್ಲವೇ ಫಲಕ ಮಕ್ಕಳ ಕಣ್ಣಿಗಿಂತ ಎರಡು ಅಡಿ ಮೇಲಿರುತ್ತದೆ. ಮುಂದಿನ ಸೆಕ್ಷನ್ ಆಡುವ ಮುಂಚೆ ಅದನ್ನು ಸರಿ ಮಾಡಿಸಿಬಿಡಿ.